ಎಂಟು ಚುಕ್ಕೆಯ ರೊಟ್ಟಿ

ಬಾತುಕೋಳಿಯ ರೆಕ್ಕೆಯಿಂದ ರೊಟ್ಟಿಗಳ ಧೂಳು ಒರೆಸುತ್ತ ನಾನು ಉತ್ತರದ ಗೋಡೆಯ ಮೂರನೆಯ ಸಾಲಿಗೆ ಬಂದಿದ್ದೆ. ಒಂದೊಂದನ್ನೂ ಎರಡು ಬೆರಳಲ್ಲಿ ಎತ್ತಬೇಕು. ಬೆನ್ನು ಒರೆಸಿ, ಮುಖ ಒರೆಸಿ, ದಾರ ತಿರುಚಿಕೊಳ್ಳದಂತೆ ಮೆಲ್ಲಗೆ ಗೂಟಕ್ಕೆ ಇಳಿಬಿಡಬೇಕು. ರೊಟ್ಟಿಯ ಮುಖ ಕೋಣೆಯ ಕಡೆಗೇ ಇರಬೇಕು. ಗೋಡೆಯ ಕಡೆ ತಿರುಗಿದರೆ ಆ ರೊಟ್ಟಿಯವನು ದಾರಿ ತಪ್ಪುತ್ತಾನೆ. ಹಕ್ನಜರ್ ಬೋಬೊ ಬಾಗಿಲ ಬಳಿ ಕಂಬಳಿಯ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ನನ್ನ ರೆಕ್ಕೆಯ ಸದ್ದನ್ನೇ ಕೇಳುತ್ತಿದ್ದರು. ಒಂದು ರೊಟ್ಟಿ ಬಿಟ್ಟುಹೋದರೂ ಅವರಿಗೆ ಗೊತ್ತಾಗುತ್ತಿತ್ತು. ಆಗ ಸಣ್ಣಗೆ ಕೆಮ್ಮುತ್ತಿದ್ದರು. ನಾನು ಹಿಂದೆ ಹೋಗಿ ಅದನ್ನೂ ಒರೆಸುತ್ತಿದ್ದೆ. ಕೆಲಸ ಮುಗಿಯುವವರೆಗೆ ನಾವಿಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ.

ಬೋಬೊ ನಮ್ಮನ್ನಾಳುವ ಬರ್ಕಂದ್ ಖಾನರ ಖಜಾಂಚಿ. ಊರಿನ ಮಕ್ಕಳೆಲ್ಲ ವಯಸ್ಸಾದವರನ್ನು ಕರೆಯುವಂತೆ ನಾನೂ ಅವರನ್ನು ಬೋಬೊ ಎಂದೇ ಕರೆಯುತ್ತಿದ್ದೆ. ಅದು ಬೂದು ಟೋಪಿಯವರ ಜೊತೆಗಿನ ಯುದ್ಧದ ಆರನೆಯ ವರ್ಷ. ನೆಲಮಾಳಿಗೆಯಲ್ಲಿದ್ದ ಬೆಳ್ಳಿಯೆಲ್ಲ ಕುದುರೆಗಳಾಗಿತ್ತು, ಕುದುರೆಗಳೆಲ್ಲ ಗಾಳಿಬಾಯಿ ಕಣಿವೆಯಲ್ಲಿ ಮೂಳೆಗಳಾಗಿದ್ದವು. ಖಜಾನೆ ಎಂದು ಉಳಿದದ್ದು ಈ ರೊಟ್ಟಿ ಕೋಣೆ ಒಂದೇ.

ನಮ್ಮಲ್ಲಿ ಯುದ್ಧಕ್ಕೆ ಹೊರಟವನು ಅವತ್ತು ಬೆಳಿಗ್ಗೆ ತಾಯಿ ಸುಟ್ಟ ರೊಟ್ಟಿಯಿಂದ ಒಂದೇ ತುತ್ತು ಕಚ್ಚಿ, ಉಳಿದದ್ದನ್ನು ಖಜಾಂಚಿಯ ಕೈಗೆ ಕೊಟ್ಟು ಹೋಗುತ್ತಾನೆ. ಅರ್ಧಕ್ಕೆ ಬಿಟ್ಟ ರೊಟ್ಟಿ ಅವನನ್ನು ಎಳೆದು ತರುತ್ತದೆ. ತಿರುಗಿ ಬಂದವನು ಮನೆಗೆ ಹೋಗುವ ಮೊದಲು ಇಲ್ಲಿಗೆ ಬಂದು, ಕಲ್ಲಾದ ಆ ರೊಟ್ಟಿಯನ್ನು ನೀರಲ್ಲಿ ನೆನೆಸಿ, ಕಣ್ಣು ಮುಚ್ಚಿ, ಕೊನೆಯ ಚೂರಿನವರೆಗೂ ತಿನ್ನಬೇಕು. ಯಾವ ಮನೆ, ಯಾವ ವರ್ಷ ಎಂದು ಹೇಳಿದ ಮೇಲೆ, ಅವನು ಹೊರಗೆ ಹೋಗುವ ತನಕ ಕೋಣೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ರೊಟ್ಟಿ ತಿಂದವನ ಕಿವಿಗೆ ಮೊದಲು ಬೀಳಬೇಕಾದದ್ದು ಅವನ ಮನೆಯವರ ದನಿ. ರೊಟ್ಟಿ ಮುಗಿಸದವನು ಮನೆಯ ಹೊಸ್ತಿಲು ದಾಟಬಾರದು. ಸತ್ತ ಸುದ್ದಿ ಬಂದರೆ ಬೋಬೊ ಅವನ ರೊಟ್ಟಿಯನ್ನು ಬುರುಜಿನ ಮೇಲೆ ಮುರಿದು ಹಕ್ಕಿಗಳಿಗೆ ಹಾಕುತ್ತಿದ್ದರು.

ಗೋಡೆಯ ಮೇಲೆ ಯಾರ ಹೆಸರನ್ನೂ ಬರೆಯುವುದಿಲ್ಲ. ಬರೆದದ್ದನ್ನು ಯಾರು ಬೇಕಾದರೂ ಅಳಿಸಬಹುದು. ಪ್ರತಿ ಮನೆಯಲ್ಲೂ ಮೊಳೆ ಬಡಿದ ಮರದ ಅಚ್ಚೊಂದು ಇರುತ್ತದೆ. ಹಸಿ ಹಿಟ್ಟಿನ ನಡುವೆ ಅದನ್ನು ಒತ್ತಿದರೆ ಚುಕ್ಕೆಗಳು ಬೀಳುತ್ತವೆ. ಒಂದು ಮನೆಯ ಚುಕ್ಕೆ ಇನ್ನೊಂದು ಮನೆಗಿಲ್ಲ. ಬೋಬೊಗೆ ಮೂರು ಸಾವಿರ ಮನೆಗಳ ಚುಕ್ಕೆಗಳೂ ಬೆರಳ ತುದಿಯಲ್ಲಿದ್ದವು. ಅದೇ ಪುಣ್ಯ. ಯಾಕೆಂದರೆ ಎರಡು ಚಳಿಗಾಲದಿಂದ ಅವರ ಕಣ್ಣಿಗೆ ಹಾಲು ಸುರಿದಂತೆ ಪೊರೆ ಬಂದಿತ್ತು. ಇದು ನನಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಜನ ಇದ್ದಾಗ ನಾನು ಸರಿಯಾದ ಗೂಟದ ಕೆಳಗೆ ನೀರಿನ ಬಟ್ಟಲು ಹಿಡಿದು ನಿಲ್ಲುತ್ತಿದ್ದೆ. ಅವರು ನನ್ನ ಬಳೆಯ ಸದ್ದಿಗೆ ನಡೆದು ಬರುತ್ತಿದ್ದರು. ನೋಡಿದವರಿಗೆ ಅನುಮಾನವೇ ಬರುತ್ತಿರಲಿಲ್ಲ.

ನನ್ನ ತಮ್ಮ ಎರ್ಗಶನ ರೊಟ್ಟಿ ದಕ್ಷಿಣದ ಗೋಡೆಯಲ್ಲಿ, ಕಿಟಕಿಯ ಪಕ್ಕ ಇತ್ತು. ನಮ್ಮ ಮನೆಯದು ಒಂಬತ್ತು ಚುಕ್ಕೆಯ ಬಳೆ, ಅಂದರೆ ದುಂಡಗೆ ಸುತ್ತಿದ ಒಂಬತ್ತು ಚುಕ್ಕೆ. ಅವನು ಹೊರಡುವ ಹಿಂದಿನ ತಿಂಗಳು ಅಚ್ಚಿನ ಒಂದು ಮೊಳೆ ಮುರಿದಿತ್ತು. ಜರ್ದಾಳು ಕೊಯ್ಲು ಮುಗಿದ ಮೇಲೆ ಹೊಸದು ಬಡಿಸೋಣ ಎಂದು ಅಮ್ಮ ಹಾಗೇ ಬಿಟ್ಟಳು. ಎರ್ಗಶನ ರೊಟ್ಟಿಯಲ್ಲಿ ಎಂಟೇ ಚುಕ್ಕೆ ಬಿದ್ದದ್ದನ್ನು ನಾನು ನೋಡಿದ್ದೆ. ಬೋಬೊಗೆ ಹೇಳಬೇಕು ಅಂದುಕೊಂಡೆ. ಅವತ್ತು ಸಾಲು ಉದ್ದವಿತ್ತು, ಅವಸರದಲ್ಲಿ ಬೋಬೊ ಚುಕ್ಕೆ ಎಣಿಸಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಗಂಡಸರು, ನನಗೆ ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಲ್ಕು ವರ್ಷವಾಗಿತ್ತು.

ಕೊನೆಗೆ ದಕ್ಷಿಣದ ಗೋಡೆಯನ್ನೂ ಮುಗಿಸಿ, ರೆಕ್ಕೆಯನ್ನು ಕೊಡವಿ ಮೂಲೆಯಲ್ಲಿಟ್ಟೆ. ಬೋಬೊ ಕಣ್ಣು ತೆರೆದರು.

"ಕಿಟಕಿ ಹತ್ರ ಜಾಸ್ತಿ ಹೊತ್ತು ನಿಂತ್ಯಲ್ಲೇ ಸದಫ್. ತಮ್ಮನ ಹತ್ರ ಏನೋ ಗುಟ್ಟು ಮಾತಾಡ್ತಿದ್ದೆ."

"ಇಲ್ಲ ಬೋಬೊ."

"ಇಲ್ಲ ಬೋಬೊ, ಹೌದು ಬೋಬೊ. ಇಷ್ಟೇ ನಿನ್ನ ಬಂಡವಾಳ. ನಾಳೆ ಮದುವೇಲಿ ಮುಲ್ಲಾ ಬಂದು 'ಒಪ್ಪಿಗೆನಾ ಮಗಳೇ' ಅಂತ ಕೇಳಿದ್ರೆ, ನೀನು ಬಾಯಿ ಬಿಡೋ ಹೊತ್ತಿಗೆ ಆ ಗಂಡಿಗೆ ಹಲ್ಲು ಉದುರಿರತ್ತೆ."

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

"ನಕ್ಕಿದ್ದು ಕೇಳಿಸ್ತು," ಅಂದರು ಬೋಬೊ.

ಅಷ್ಟರಲ್ಲಿ ಅಂಗಳದಲ್ಲಿ ಬೂಟುಗಳ ಸದ್ದಾಯಿತು. ಖಾನರ ದಿವಾನರು ಬಂದಿದ್ದರು. ಅವರ ಹಿಂದೆ ಕಣಿವೆಯಿಂದ ಬಂದ ಮೂವರು ಸೈನಿಕರು. ಇನ್ನೂರು ಜನ ಹೋಗಿದ್ದ ತುಕಡಿಯಲ್ಲಿ ಉಳಿದವರು ಈ ಮೂವರೇ ಎಂದು ಆಮೇಲೆ ಗೊತ್ತಾಯಿತು. ನಾನು ಬಟ್ಟಲು ಎತ್ತಿಕೊಂಡು ಗೋಡೆಯ ಕಡೆ ಹೊರಟೆ.

"ನೀನಲ್ಲೇ ಇರಮ್ಮ," ಅಂದರು ದಿವಾನರು. "ಜಾಗ ಇಲ್ಲ. ನನ್ನ ಆಳು ಹಿಡ್ಕೋತಾನೆ."

ಬಟ್ಟಲು ನನ್ನ ಕೈಯಿಂದ ಹೋಯಿತು. ನಾನು ಬಾಗಿಲ ಮೂಲೆಗೆ ಸರಿದೆ.

ಬೋಬೊ ಒಂದು ಕ್ಷಣ ತಡೆದು ನಿಂತರು. ಆಮೇಲೆ ಏನೂ ಆಗದವರಂತೆ ಮೊದಲನೆಯವನ ಭುಜ ತಟ್ಟಿ, ಯಾವ ಮನೆ, ಯಾವ ವರ್ಷ ಎಂದು ಕೇಳಿದರು. ಗೋಡೆ ಮುಟ್ಟುತ್ತ ಹೋಗಿ ಅವನ ರೊಟ್ಟಿ ತಂದರು. ಸರಿಯಾಗಿತ್ತು. ಎರಡನೆಯವನದೂ ಸರಿಯಾಗಿತ್ತು. ಮೂರನೆಯವನು ದೊಡ್ಡ ಮೈಯವನು. ಎಡಗಿವಿ ಅರ್ಧ ಹೋಗಿತ್ತು.

"ಕುಂಬಾರರ ಬೀದಿ, ಸಪರ್ ಮಗ ಕೋಬಿಲ್," ಅಂದ. "ನಾಲ್ಕು ವರ್ಷ ಆಯ್ತು."

"ಎಂಟು ಚುಕ್ಕೆಯ ಬಳೆ," ಅಂದರು ಬೋಬೊ. ಅದೇ ಕೊನೆಯ ಮಾತು. ಅಲ್ಲಿಂದ ಮೌನ.

ಅವರು ದಕ್ಷಿಣದ ಗೋಡೆಗೆ ಹೋದರು. ಅವನೂ ನಮ್ಮ ಎರ್ಗಶನೂ ಹೊರಟದ್ದು ಒಂದೇ ದಿನ. ಒಂದೇ ಸಾಲು. ಬೋಬೊರ ಬೆರಳು ಒಂದು ರೊಟ್ಟಿಯ ಮೇಲೆ ಸುತ್ತು ಹಾಕಿತು, ಎಂಟು ಎಣಿಸಿತು, ನಿಂತಿತು. ಅವರು ದಾರ ಬಿಚ್ಚಿದರು.

ಅದು ನಮ್ಮಮ್ಮನ ರೊಟ್ಟಿ. ಬಿಟ್ಟುಹೋದ ಚುಕ್ಕೆಯ ಜಾಗ ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಎರ್ಗಶ್ ಕಚ್ಚಿದ ಜಾಗದಲ್ಲಿ ಅವನ ಸೊಟ್ಟ ಹಲ್ಲಿನ ಗುರುತೂ ಕಾಣುತ್ತಿತ್ತು.

ಕೂಗಬೇಕಿತ್ತು. ಬಾಯಿ ತೆರೆದೆ ಕೂಡ. ದಿವಾನರು ನನ್ನತ್ತ ನೋಡಿ ಹುಬ್ಬು ಗಂಟಿಕ್ಕಿದರು. ಈ ಹೊತ್ತಿನಲ್ಲಿ ಮಾತಾಡಿದವರ ನಾಲಿಗೆಗೆ ಏನಾಗುತ್ತದೆ ಎಂದು ನಮಗೆ ಚಿಕ್ಕಂದಿನಲ್ಲೇ ಹೇಳಿರುತ್ತಾರೆ. ಬೋಬೊ ಕುರುಡರೆಂದು ಅಷ್ಟು ಜನರ ಮುಂದೆ ಹೇಳಬೇಕಾಗುತ್ತಿತ್ತು. ಇದೆಲ್ಲ ಯೋಚಿಸುವಷ್ಟರಲ್ಲಿ ರೊಟ್ಟಿ ನೀರಿಗೆ ಬಿತ್ತು. ಕೋಬಿಲ್ ಕಣ್ಣು ಮುಚ್ಚಿ ತಿನ್ನತೊಡಗಿದ. ಹಸಿದವನು ತಿನ್ನುವ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಕೊನೆಯ ಚೂರನ್ನು ಬೆರಳಿನಿಂದ ಬಳಿದು ನೆಕ್ಕಿದ.

ಕಣ್ಣು ತೆರೆದಾಗ ಅವನು ನೋಡಿದ್ದು ನನ್ನನ್ನು. ತುಟಿಯ ಒಂದೇ ಬದಿಯಲ್ಲಿ ನಕ್ಕ. ಹಾಗೆ ನಗುತ್ತಿದ್ದದ್ದು ಎರ್ಗಶ್.

ಕುಂಬಾರರ ಬೀದಿಗೆ ಹೋಗಬೇಕಾದರೆ ಖಜಾನೆಯ ಹೊರಬಾಗಿಲಲ್ಲಿ ಬಲಕ್ಕೆ ತಿರುಗಬೇಕು. ಅವನು ಎಡಕ್ಕೆ ತಿರುಗಿದ. ಎಡಕ್ಕೆ ನಮ್ಮ ಮನೆ.

ದಿವಾನರು ಹೋಗುವ ತನಕ ನಾನು ಅಲ್ಲಿಂದ ಅಲುಗುವಂತಿರಲಿಲ್ಲ. ಮನೆಗೆ ಓಡಿ ಬಂದಾಗ ಬಿಸಿಲು ಅಂಗಳದ ಹಿಪ್ಪುನೇರಳೆ ಮರದ ಬುಡಕ್ಕೆ ಇಳಿದಿತ್ತು. ಅಮ್ಮ ತಂದೂರಿನ ಪಕ್ಕ ಕೂತು ಆ ಗಂಡಸಿನ ಪಾದ ತೊಳೆಯುತ್ತಿದ್ದಳು. ಪಕ್ಕದ ಮನೆಯ ಹೋಸಿಯತ್ ಚಿಕ್ಕಮ್ಮ ಬಿಸಿನೀರು ಹೊಯ್ಯುತ್ತಿದ್ದಳು. ಇಬ್ಬರ ಮುಖವೂ ಅತ್ತು ಊದಿಕೊಂಡಿತ್ತು.

"ನೋಡೇ ಸದಫ್, ಯಾರು ಬಂದಿದಾನೆ ನೋಡೇ!" ಅಂದಳು ಅಮ್ಮ. "ಏನೇ ಅಲ್ಲೇ ನಿಂತ್ಬಿಟ್ಟೆ? ದೆವ್ವ ಕಂಡೋಳ ಹಾಗೆ?"

"ಗುರುತು ಹತ್ತಿಲ್ಲ ಅವಳಿಗೆ," ಅಂದಳು ಹೋಸಿಯತ್ ಚಿಕ್ಕಮ್ಮ. "ಹತ್ತೋದಾದ್ರೂ ಹೇಗೆ? ಹೋಗುವಾಗ ಗರಿಕೆ ಕಡ್ಡಿ, ಬರುವಾಗ ಗೂಳಿ. ನಾವಿಲ್ಲಿ ಹೊಟ್ಟು ಕುದಿಸಿ ಕುಡೀತಿದ್ರೆ ಇವ್ರು ಖಾನರ ಕುರೀನೆಲ್ಲ ಖಾಲಿ ಮಾಡಿದಾರೆ."

"ಕಿವಿ ಹೋಯ್ತಲ್ಲ ನನ್ನ ಕಂದಂದು," ಅಂದಳು ಅಮ್ಮ.

ಅವನು ತಲೆಯೆತ್ತಿದ. ಕೋಬಿಲನ ಮುಖ, ಕೋಬಿಲನ ಅರ್ಧ ಕಿವಿ.

"ಅಕ್ಕ," ಅಂದ. "ಮೇಕೆ ಸವಾರಿ ಮಾಡೋಕೆ ಹೋಗಿ ಬಿದ್ದಿದ್ಯಲ್ಲ, ಮೊಣಕಾಲ ಮೇಲೆ ಆ ಕಲೆ ಇನ್ನೂ ಇದೆಯಾ? ಅಮ್ಮಂಗೆ ಹೇಳ್ಬೇಡ ಅಂತ ನಂಗೆ ಒಣದ್ರಾಕ್ಷಿ ಕೊಟ್ಟಿದ್ದೆ."

ಅದು ಎರ್ಗಶನಿಗೂ ನನಗೂ ಬಿಟ್ಟು ಯಾರಿಗೂ ಗೊತ್ತಿಲ್ಲ.

ನಾನು ಗೋಡೆ ಹಿಡಿದು ಕೂತೆ. ಅಮ್ಮ ಪಾದ ತೊಳೆದು ಮುಗಿಸಿ ಹಿಟ್ಟು ನಾದುತ್ತ, ಅವನನ್ನು ನೋಡುತ್ತ, ಮತ್ತೆ ನಾದುತ್ತ ಇದ್ದಳು. ಅವನು ಅವಳ ಪರಾತದಿಂದ ಒಂದು ಉಂಡೆ ಹಿಟ್ಟು ಕಿತ್ತುಕೊಂಡ. ಮಾತಾಡುತ್ತಲೇ ಅವನ ಹೆಬ್ಬೆರಳು ಉಂಡೆಯ ನಡುವೆ ಇಳಿಯಿತು, ಬೆರಳುಗಳು ಸುತ್ತಿದವು, ಅಂಚು ತೆಳ್ಳಗಾಗಿ ಮೇಲೆದ್ದಿತು. ನೋಡನೋಡುತ್ತ ಅವನ ಅಂಗೈಯಲ್ಲಿ ಪುಟ್ಟದೊಂದು ಮಡಕೆ ಕೂತಿತ್ತು. ಅವನೂ ಅದನ್ನು ಆಗಲೇ ನೋಡಿದವನಂತೆ ಬೆಚ್ಚಿದ. ಮುಷ್ಟಿ ಬಿಗಿದು ಹಿಸುಕಿಬಿಟ್ಟ.

ಮರುದಿನ ಧೂಳು ಒರೆಸುವಾಗ ಒಂದು ರೊಟ್ಟಿ ಗೋಡೆಯ ಕಡೆ ಮುಖ ಮಾಡಿ ನೇತಾಡುತ್ತಿತ್ತು. ಕೋಬಿಲನದು. ಹಿಂದಿನ ಸಂಜೆ ಕೋಣೆಗೆ ಬೀಗ ಹಾಕಿದ್ದು ನಾನೇ. ಅದನ್ನು ತಿರುಗಿಸಿಟ್ಟೆ. ಕೆಲಸ ಮುಗಿಯುವ ಮೊದಲೇ, ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ, ಬಾಯಿ ಬಿಟ್ಟೆ.

"ಬೋಬೊ, ನಿನ್ನೆ ಕೊಟ್ಟಿದ್ದು ಎರ್ಗಶ್ ರೊಟ್ಟಿ."

ಅವರು ಎದ್ದು ಗೋಡೆ ಹಿಡಿದು ಬಂದು ಉಳಿದಿದ್ದ ರೊಟ್ಟಿಯನ್ನು ಮುಟ್ಟಿದರು.

"ಇದು ಎಂಟು," ಅಂದರು. "ಕುಂಬಾರಂದು."

"ಹೌದು. ನಮ್ಮದೂ ಎಂಟೇ ಆಗಿತ್ತು. ಮೊಳೆ ಮುರಿದಿತ್ತು. ನಾನು ಹೇಳಿರ್ಲಿಲ್ಲ."

"ಯಾಕೆ?"

ಅವರು ನನ್ನನ್ನು ಹೊಡೆಯುತ್ತಾರೆ ಅಂದುಕೊಂಡೆ. ತಮ್ಮ ಬಲಗೈಯನ್ನೇ ಎಡಗೈಯಿಂದ ಫಟ್ಟನೆ ಹೊಡೆದುಕೊಂಡರು.

"ಎರ್ಗಶ್ ಬದುಕಿದಾನಾ, ಬೋಬೊ?"

"ನಿನ್ನೆವರೆಗೂ ಬದುಕಿದ್ದ. ಇಲ್ಲದಿದ್ರೆ ಆ ರೊಟ್ಟಿಗೆ ಹುಳ ಬಿದ್ದಿರೋದು. ಈಗಲೂ ಬದುಕಿರಬಹುದು. ಆದ್ರೆ ಅವನ ದಾರೀನ ಇನ್ನೊಬ್ಬ ನಡೆದುಬಿಟ್ಟ. ಅವನು ಬಂದ್ರೂ, ಬಂದ ಹಾಗೆ ಆಗಲ್ಲ."

"ಅಂದ್ರೆ?"

"ನಮ್ಮಜ್ಜ ಖಜಾಂಚಿ ಆಗಿದ್ದಾಗ ಒಂದ್ಸಲ ಹೀಗಾಗಿತ್ತಂತೆ. ಬಂದೋನು ಊರ ಬೀದೀಲಿ ಮೂರು ದಿನ ಓಡಾಡಿದ. ರೊಟ್ಟಿ ಅದಲುಬದಲಾಗಿದ್ದನ್ನ ಕಣ್ಣಾರೆ ಕಂಡೋರಿಗೆ ಬಿಟ್ಟು ಯಾರ ಕಣ್ಣಿಗೂ ಹತ್ತಲಿಲ್ಲ. ಎಣ್ಣೆ ಸವರಿದ ಬಾಣಲೆ ಮೇಲೆ ನೀರು ಹಾಕಿದ ಹಾಗೆ, ನೋಟ ಜಾರೋದಂತೆ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಕೋಬಿಲನ ತಂದೆ, ಸಪರ್ ಕುಂಬಾರ. ಪ್ರತಿ ಗುರುವಾರ ಒಂದು ಕುಡಿಕೆ ಮೊಸರು ಹಿಡಿದು ಬರುತ್ತಿದ್ದ ಮುದುಕ. ಹೆಂಡತಿ ತೀರಿದ ಮೇಲೆ ಅವನಿಗೆ ಉಳಿದಿದ್ದವನು ಮಗ ಒಬ್ಬನೇ.

"ಸಲಾಂ ಖಜಾಂಚಿ. ನಮ್ಮ ಹುಡುಗನ ರೊಟ್ಟಿ ಗೂಟದ ಮೇಲಿದೆಯಾ?"

"ಇದೆ," ಅಂದರು ಬೋಬೊ.

"ಹುಳ ಗಿಳ?"

"ಏನಿಲ್ಲ. ಚೆನ್ನಾಗಿದೆ."

"ಅಷ್ಟು ಸಾಕು ಬಿಡಪ್ಪ," ಅಂದ ಮುದುಕ. "ನಿನ್ನೆ ಮೂರು ಜನ ಬಂದ್ರಂತೆ. ಅದೃಷ್ಟವಂತರು. ನನ್ನ ಸರದೀನೂ ಬರತ್ತೆ." ಮೊಸರಿಟ್ಟು ಹೋದ. ಕೋಬಿಲ್ ಹಿಂದಿನ ದಿನ ಸಂತೆ ಬೀದಿಯಲ್ಲಿ ಅವನ ಪಕ್ಕದಲ್ಲೇ ಹಾದು ಹೋಗಿದ್ದರೂ ಹೋಗಿರಬಹುದು.

ಬೋಬೊ ಆ ಮೊಸರನ್ನು ಮುಟ್ಟಲಿಲ್ಲ. ನಿಲುವಂಗಿ ತೊಟ್ಟು, ರುಮಾಲು ಸುತ್ತಿಕೊಂಡು, "ನನ್ನ ತೋಳು ಹಿಡ್ಕೋ" ಅಂದರು. ನಾವು ದಿವಾನರ ಬಳಿಗೆ ಹೋದೆವು. ಬೋಬೊ ಏನನ್ನೂ ಮುಚ್ಚಿಡಲಿಲ್ಲ. ಕಣ್ಣಿನ ವಿಷಯವನ್ನೂ ಹೇಳಿದರು. ನಾನು ಮುಚ್ಚಿಟ್ಟಿದ್ದ ಮುರಿದ ಮೊಳೆಯ ವಿಷಯ ಮಾತ್ರ ಹೇಳಲಿಲ್ಲ.

ದಿವಾನರು ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಖಜಾಂಚಿಗಳೇ, ಗಾಳಿಬಾಯಲ್ಲಿ ಈಗ ಎಷ್ಟು ಜನ ನಿಂತಿದಾರೆ?"

"ಗೋಡೆ ಮೇಲೆ ಎಷ್ಟು ರೊಟ್ಟಿ ಇದೆಯೋ ಅಷ್ಟು."

"ಸಂಬಳ ಕೊಟ್ಟು ಎಷ್ಟು ದಿನ ಆಯ್ತು?"

"ಎರಡು ವರ್ಷ."

"ಮತ್ಯಾಕೆ ನಿಂತಿದಾರೆ? ಖಾನರ ಮೀಸೆ ನೋಡಿಯಾ? ನಿಮ್ಮ ಕೈ ತಪ್ಪಲ್ಲ ಅನ್ನೋ ಒಂದೇ ನಂಬಿಕೆ ಮೇಲೆ ನಿಂತಿದಾರೆ. ತಪ್ಪಿತು ಅಂತ ಸುದ್ದಿ ಹೋದ್ರೆ ಅಷ್ಟೂ ಜನ ತಮ್ಮ ತಮ್ಮ ರೊಟ್ಟಿ ಕಾಯೋಕೆ ಇಲ್ಲಿಗೆ ಓಡಿ ಬರ್ತಾರೆ. ಅವರ ಹಿಂದೇನೇ ಬೂದು ಟೋಪಿಯವರು ಬರ್ತಾರೆ. ಆಮೇಲೆ ಗೋಡೇನೂ ಇರಲ್ಲ, ಗೂಟಾನೂ ಇರಲ್ಲ."

"ಹಾಗಾದ್ರೆ ಎರ್ಗಶ್ ಗತಿ?"

"ಎರ್ಗಶ್ ಬಂದಾಯ್ತಲ್ಲ. ಮನೇಲಿದಾನೆ. ತಾಯಿ ಸಂತೋಷವಾಗಿದಾಳೆ." ಅವರು ನನ್ನತ್ತ ತಿರುಗಿದರು. ದನಿಯಲ್ಲಿ ಗದರಿಕೆ ಇರಲಿಲ್ಲ. "ಏನಮ್ಮ, ನಿನ್ನ ತಮ್ಮ ಹೇಗಿದಾನೆ?"

ಬೋಬೊ ನನ್ನ ಕಡೆ ಕಿವಿ ಕೊಟ್ಟು ಕಾಯುತ್ತಿದ್ದರು. ನಾನು ನೆಲ ನೋಡಿದೆ. ನೆಲಹಾಸಿನ ಮೇಲೆ ದಾಳಿಂಬೆ ಹೂಗಳಿದ್ದವು.

"ಚೆನ್ನಾಗಿದಾನೆ," ಅಂದೆ.

ತಿರುಗಿ ಬರುವ ದಾರಿಯುದ್ದಕ್ಕೂ ಬೋಬೊ ನನಗೆ ತೋಳು ಕೊಡಲಿಲ್ಲ. ಗೋಡೆ ತಡವುತ್ತ ಒಬ್ಬರೇ ನಡೆದರು.

ಬೇಸಿಗೆ ಕಳೆಯಿತು. ಮನೆಯಲ್ಲಿ ಗಂಡಸಿನ ಕೈ ಬಂದದ್ದರಿಂದ ಸೂರು ರಿಪೇರಿಯಾಯಿತು, ಕಾಲುವೆಯ ಕೆಸರು ತೆಗೆದದ್ದಾಯಿತು. ಅಮ್ಮ ಮೈ ತುಂಬಿಕೊಂಡಳು. ಸಂಜೆ ಹಾಡಿಕೊಳ್ಳುತ್ತಿದ್ದಳು. ಪ್ರತಿ ಬೆಳಿಗ್ಗೆ ಕೋಣೆಯ ಬೀಗ ತೆಗೆದಾಗ ಕೋಬಿಲನ ರೊಟ್ಟಿ ಗೋಡೆಗೆ ಮುಖ ಮಾಡಿರುತ್ತಿತ್ತು. ನಾನು ತಿರುಗಿಸುತ್ತಿದ್ದೆ. ಒಂದು ದಿನ ಅದನ್ನು ಮುಟ್ಟಿದಾಗ ಬೆಚ್ಚಗಿತ್ತು, ಆಗಷ್ಟೇ ತಂದೂರಿನಿಂದ ತೆಗೆದ ಹಾಗೆ.

ಅವನು ಕೆಟ್ಟವನಲ್ಲ. ಅದೇ ನನಗೆ ಕಷ್ಟವಾಗುತ್ತಿತ್ತು. ಒಮ್ಮೆ ಕಾಲುವೆಯ ಬಳಿ ನನ್ನ ಕೊಡ ಎತ್ತಿಕೊಂಡು ಅಲ್ಲೇ ನಿಂತ.

"ಅಕ್ಕ, ಎಲ್ರೂ ನನ್ನ ಕಣ್ಣು ನೋಡ್ತಾರೆ. ನೀನು ಕಿವಿ ನೋಡ್ತೀಯ."

ನಾನು ಕಾಲುವೆಯ ನೀರಿನ ಕಡೆ ತಿರುಗಿದೆ.

"ಕುಂಬಾರರ ಬೀದಿ ಕಡೆ ಹೋದ್ರೆ ಮಡಕೆ ಸುಡೋ ಆವಿಗೆಯ ಹೊಗೆ ವಾಸನೆಗೆ ಅಳು ಬರತ್ತೆ. ಯಾಕೆ ಅಂತ ಗೊತ್ತಿಲ್ಲ. ಅಲ್ಲೊಬ್ಬ ಮುದುಕ ಚಕ್ರದ ಮುಂದೆ ಕೂತಿದ್ದ. ಎದುರಿಗೇ ನಿಂತೆ. ನನ್ನ ಆಚೆ ನೋಡ್ತಿದ್ದ, ದಾರಿ ಕಡೆ. 'ಯಾರನ್ನ ಕಾಯ್ತಿದ್ದೀರ ಬೋಬೊ' ಅಂದೆ. 'ಗಾಳಿ ಜೋರಾಗಿದೆ' ಅಂದ."

ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದು ತನ್ನದು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

"ನಾನು ಯಾರಕ್ಕ?" ಅಂದ.

"ಕೊಡ ಕೊಡು," ಅಂದೆ. "ಅಮ್ಮ ಕಾಯ್ತಿರ್ತಾಳೆ."

ಪಾಪ್ಲರ್ ಮರಗಳು ಹಳದಿಯಾದ ಮೇಲೆ, ಒಂದು ಮಧ್ಯಾಹ್ನ, ಬೋಬೊ ಕಂಬಳಿಯ ಮೇಲೆ ನೆಟ್ಟಗೆ ಕೂತರು.

"ಯಾರೋ ಬಂದ್ರು," ಅಂದರು.

ಹೊರಬಾಗಿಲ ಕಾವಲುಗಾರ ಏಳಲಿಲ್ಲ. ಅವನು ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದ. ಅವನ ಕಾಲನ್ನು ದಾಟಿಕೊಂಡು ನನ್ನ ತಮ್ಮ ಅಂಗಳಕ್ಕೆ ಬಂದ. ಅದೇ ಕಡ್ಡಿ ಮೈ, ಅದೇ ಅಗಲ ಕಿವಿ. ಧೂಳಿನಿಂದ ರೆಪ್ಪೆಗಳು ಬೆಳ್ಳಗಾಗಿದ್ದವು. ಕಾವಲುಗಾರ ಬೀಜದ ಸಿಪ್ಪೆ ಉಗುಳಿದ. ಅದು ಎರ್ಗಶನ ಬೂಟಿನ ಮೇಲೆ ಬಿತ್ತು. ಕಾವಲುಗಾರ ನೋಡಲೇ ಇಲ್ಲ.

ಎರ್ಗಶ್ ಒಳಗೆ ಬಂದು ಎದೆಯ ಮೇಲೆ ಕೈಯಿಟ್ಟು ಬಾಗಿದ. ಪದ್ಧತಿಯಂತೆ, ಖಜಾಂಚಿ ಮೊದಲು ಕೇಳಲಿ ಎಂದು ಕಾದ. ಕಿಟಕಿಯ ಪಕ್ಕದ ಗೂಟ ನೋಡಿದ. ಅದು ಬರಿದಾಗಿತ್ತು. ನನ್ನ ಮುಖ ನೋಡಿದ. ಮತ್ತೆ ಗೂಟ ನೋಡಿದ.

ಮೌನ ಮುರಿದವರು ಬೋಬೊ.

"ಎರ್ಗಶ್. ನೀನೇ ಅಲ್ವಾ? ಹೆಜ್ಜೆ ಸದ್ದು ಕೇಳಿಸ್ತು. ನನಗೆ ಕಣ್ಣಿಲ್ಲ ಮಗನೇ, ಅದಕ್ಕೆ ನೀನು ನನ್ನಿಂದ ಜಾರಲಿಲ್ಲ. ನನ್ನ ಕೈ ತಪ್ಪಿತು. ನಿನ್ನ ರೊಟ್ಟೀನ ಇನ್ನೊಬ್ಬನಿಗೆ ಕೊಟ್ಟುಬಿಟ್ಟೆ."

"ನಾನು ನೋಡಿದೆ," ಅಂದೆ. "ಕೊಡುವಾಗ ನಾನಿಲ್ಲೇ ಇದ್ದೆ. ಸುಮ್ಮನಿದ್ದೆ."

ಎರ್ಗಶ್ ನಮ್ಮಿಬ್ಬರನ್ನೂ ನೋಡಿದ. ಕೋಪ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

"ಓ, ಅದಕ್ಕೇನಾ?" ಅಂದ. "ಕಣಿವೇಲಿ ಬೇಸಿಗೆ ಶುರುವಾದಾಗಿಂದ ಯಾರೂ ನಂಗೆ ಗಂಜಿ ಹಾಕ್ತಿರ್ಲಿಲ್ಲ. ಸಾಲಲ್ಲಿ ನಿಂತಿರ್ತಿದ್ದೆ, ಸೌಟು ನನ್ನ ದಾಟಿ ಮುಂದಿನವನಿಗೆ ಹೋಗೋದು. ಬೂದು ಟೋಪಿಯವರ ಬಾಣಾನೂ ಹಾಗೇ ದಾಟಿ ಹೋಗೋದು. ಅದೊಂದು ಅನುಕೂಲ ಆಯ್ತು ಬಿಡು."

ನಗಲು ನೋಡಿದ. ತುಟಿಯ ಒಂದು ಬದಿ ಮಾತ್ರ ಅಲುಗಿತು.

ಬೋಬೊ ಕೋಬಿಲನ ರೊಟ್ಟಿಯನ್ನು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದರು. ಮೂವತ್ತು ವರ್ಷ ಆ ಗೋಡೆ ಕಾಯ್ದವರು ಅವರು.

"ಇದನ್ನ ತಿನ್ನು. ಪಾಪ ನನ್ನ ತಲೆ ಮೇಲಿರ್ಲಿ. ಕುಂಬಾರರ ಬೀದಿಗೆ ಹೋಗ್ತೀಯ. ಅಲ್ಲೊಬ್ಬ ಮುದುಕ ಇದಾನೆ, ಒಳ್ಳೆಯವನು, ಬಾಗಿಲು ತೆಗೆದಿಟ್ಕೊಂಡು ಕಾಯ್ತಿದಾನೆ. ಜನರ ಕಣ್ಣಿಗಾದ್ರೂ ಕಾಣಿಸ್ತೀಯ. ಬದುಕ್ತೀಯ."

ಎರ್ಗಶ್ ರೊಟ್ಟಿ ತೆಗೆದುಕೊಂಡ. ಹಸಿವಿಗೆ ಅವನ ಗಂಟಲು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ. ಬೆರಳಿಟ್ಟು ಚುಕ್ಕೆಗಳನ್ನು ಎಣಿಸಿದ.

"ಮತ್ತೆ ಅಮ್ಮ ನನ್ನನ್ನ ಬೀದೀಲಿ ನೋಡಿದ್ರೆ?"

"ಕುಂಬಾರನ ಮಗನ್ನ ನೋಡ್ತಾಳೆ," ಅಂದರು ಬೋಬೊ.

"ಈ ರೊಟ್ಟಿಯವನು?"

"ನಿಮ್ಮನೇಲಿ ಇದಾನೆ. ಇದು ಗೂಟದ ಮೇಲಿದ್ರೆ ಎಂದಾದ್ರೂ ಒಂದಿನ ಅವನಿಗೆ ತನ್ನ ಮನೆ ನೆನಪಾಗಬಹುದು. ನೀನು ತಿಂದ್ರೆ ಅವನಿಗೆ ಅದೂ ಇಲ್ಲ."

ಎರ್ಗಶ್ ರೊಟ್ಟಿಯನ್ನು ಗೂಟಕ್ಕೆ ಇಳಿಬಿಟ್ಟ. ಮುಖ ಕೋಣೆಯ ಕಡೆಗೆ ಬರುವಂತೆ ನೋಡಿಕೊಂಡ.

"ಅಕ್ಕ, ಮನೆಗೆ ಹೋಗೋಣ," ಅಂದ.

ಬೋಬೊ ಬೇಡವೆನ್ನಲಿಲ್ಲ. ಬರಿದಾದ ಕೈಗಳನ್ನು ಮುಂದೆ ಚಾಚಿಕೊಂಡೇ ನಿಂತಿದ್ದರು.

ಸಂತೆ ಬೀದಿಯಲ್ಲಿ ಜನ ನನಗೆ ದಾರಿ ಬಿಡುತ್ತಿದ್ದರು, ಅವನಿಗೆ ಬಿಡುತ್ತಿರಲಿಲ್ಲ. ಅವನು ಪಕ್ಕಕ್ಕೆ ಸರಿದು ಸರಿದು ಬರಬೇಕಾಯಿತು. ಕಲ್ಲಂಗಡಿ ಮಾರುವವನು ಒಂದು ಹೋಳನ್ನು ಅವನ ಎದೆಯ ಮುಂದಿನಿಂದಲೇ ಆಚೆಯವನಿಗೆ ದಾಟಿಸಿದ. ಒಂದು ನಾಯಿ ಮಾತ್ರ ಎದ್ದು ನಿಂತು, ಬೊಗಳದೆ, ನಾವು ತಿರುವು ದಾಟುವ ತನಕ ನೋಡಿತು.

ನಮ್ಮ ಮನೆಯ ಬಾಗಿಲು ತೆರೆದಿತ್ತು. ಒಳಗೆ ಊಟದ ಬಟ್ಟೆ ಹಾಸಿತ್ತು. ಅಮ್ಮ, ಹೋಸಿಯತ್ ಚಿಕ್ಕಮ್ಮ, ಕೋಬಿಲ್ ಸುತ್ತ ಕೂತಿದ್ದರು. ಬಾರ್ಲಿ ಗಂಜಿಯ ಹಬೆ ಏಳುತ್ತಿತ್ತು. ಎರ್ಗಶ್ ಹೊಸ್ತಿಲ ಹೊರಗೇ ನಿಂತ. ರೊಟ್ಟಿ ಮುಗಿಸದವನು ದಾಟುವಂತಿಲ್ಲ.

"ಅಮ್ಮಾ," ಎಂದು ಕರೆದ.

ಅಮ್ಮನ ಸೌಟು ಅರ್ಧದಲ್ಲಿ ನಿಂತಿತು. ಅವಳು ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಅವಳ ಕಣ್ಣು ಅವನ ಮುಖದ ಮೇಲೆ ಬಂತು, ಬಂದು ಹಾಗೆಯೇ ಪಕ್ಕಕ್ಕೆ ಹೋಯಿತು.

"ಗಾಳಿ ಬರ್ತಿದೆ ಸದಫ್. ಒಳಗೆ ಬಂದು ಬಾಗಿಲು ಹಾಕು."

ಕೋಬಿಲ್ ಮಾತ್ರ ನೋಡುತ್ತಿದ್ದ. ಬಾಗಿಲನ್ನಲ್ಲ, ಎರ್ಗಶನನ್ನು. ಅವನ ಮುಖದಿಂದ ರಕ್ತ ಇಳಿಯುತ್ತ ಹೋಯಿತು. ಬಟ್ಟಲು ಹಿಡಿದ ಅವನ ಕೈ ಕೆಳಗಿಳಿಯಿತು. ಏನೋ ಹೇಳುತ್ತಾನೆ ಅಂದುಕೊಂಡೆ. ಅವನು ಅಮ್ಮನನ್ನು ನೋಡಿದ, ಅವಳ ಕೈಯ ಸೌಟನ್ನು ನೋಡಿದ, ತಲೆ ತಗ್ಗಿಸಿದ.

ನಾನು ಬಾಗಿಲು ಹಾಕಲಿಲ್ಲ. ಎರ್ಗಶನ ಕೈ ಹಿಡಿದೆ. ತಣ್ಣಗಿತ್ತು, ತೂಕವೇ ಇರಲಿಲ್ಲ. ಅವನು ಬೇಡವೆಂದು ತಲೆಯಾಡಿಸಿದ. ನಾನು ಬಿಡಲಿಲ್ಲ. ಹೊಸ್ತಿಲು ದಾಟಿಸಿ ಒಳಗೆ ಕರೆತಂದೆ. ಊಟದ ಬಟ್ಟೆಯ ಅಂಚಿಗೆ, ಅಮ್ಮನಿಗೂ ಕೋಬಿಲನಿಗೂ ನಡುವೆ, ಅವನನ್ನು ನಿಲ್ಲಿಸಿದೆ.

"ನಮ್ಮ ಎರ್ಗಶ್ ಬಂದಿದಾನೆ," ಅಂದೆ. ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿರಲಿಲ್ಲ.

ಹೋಸಿಯತ್ ಚಿಕ್ಕಮ್ಮ ಗಂಜಿಗೆ ಉಪ್ಪು ಉದುರಿಸಿಕೊಂಡಳು. ಅಮ್ಮ ಸೌಟನ್ನು ಮತ್ತೆ ಪಾತ್ರೆಗೆ ಇಳಿಸಿದಳು. ಒಂದು ಬಟ್ಟಲು ತುಂಬಿದಳು, ಇನ್ನೊಂದು ತುಂಬಿದಳು. ಎರ್ಗಶ್ ನನ್ನ ಕೈ ಹಿಡಿದುಕೊಂಡೇ ನಿಂತಿದ್ದ.

"ಅಮ್ಮಾ, ಸ್ವಲ್ಪ ಸರಿದು ಕೂತ್ಕೋ," ಅಂದೆ. "ಅವನಿಗೆ ಜಾಗ ಬೇಕು."